ಇಂಗ್ಲೆಂಡಿನ ಹಳ್ಳಿಗೆ ವಸಂತ ಬರುವ ಬಗೆ

ಇಂಗ್ಲೆಂಡಿನ ಹಳ್ಳಿಗಾಡಿಗೆ ವಸಂತವು ಒಂದೇ ದಿನ ಬಂದಿಳಿಯುವುದಿಲ್ಲ. ಒಂದೊಂದೇ ಹೆಜ್ಜೆಯಿಟ್ಟು ಬರುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಹಗಲೆಂದರೆ ಸುಮಾರು 8 ಗಂಟೆ ಮಾತ್ರ. ಮರಗಳೆಲ್ಲ ಬೋಳು. ಚಳಿ ಇನ್ನೂ ಕಳೆಯುವ ಮೊದಲೇ ಸ್ನೋಡ್ರಾಪ್ ಎಂಬ ಬಿಳಿಯ ಪುಟ್ಟ ಹೂವು ತಲೆ ತಗ್ಗಿಸಿಕೊಂಡು ನೆಲದಿಂದ ಮೇಲೇಳುತ್ತದೆ. ಮಾರ್ಚಿಯಲ್ಲಿ ಹಳದಿಯ ಡ್ಯಾಫೊಡಿಲ್. ಏಪ್ರಿಲಿನಲ್ಲಿ ಆಫ್ರಿಕದಿಂದ ಕವಲುಬಾಲದ ಸ್ವಾಲೋ ಹಾರಿಬರುತ್ತದೆ. ಕುಕ್ಕೂ ಹಕ್ಕಿಯ ಕೂಗು ಕೇಳುತ್ತದೆ. ಇದು ನಮ್ಮ ಕೋಗಿಲೆಯ ಬಂಧು. ಅದರಂತೆಯೇ ಪರರ ಗೂಡಿನಲ್ಲಿ ಮೊಟ್ಟೆಯಿಡುವ ಜಾಣ. ಅನಂತರ ಬ್ಲೂಬೆಲ್ ಹೂಗಳು ಕಾಡಿನ ನೆಲಕ್ಕೆಲ್ಲ ನೀಲಿ ಹಾಸುತ್ತವೆ. ಬೇಲಿಸಾಲಿನ ಹಾಥಾರ್ನ್ ಗಿಡಗಳು ಬಿಳಿಯ ಹೂ ಹೊರುತ್ತವೆ. ಮೇ ತಿಂಗಳಲ್ಲಿ ಅರಳುವ ಆ ಹೂವಿಗೆ ಹಳ್ಳಿಯವರ ಮಾತಿನಲ್ಲಿ 'ಮೇ' ಎಂದೇ ಹೆಸರು.

ಈ ಹೆಜ್ಜೆಗಳನ್ನು ತಾರೀಖು ಹಾಕಿ ಬರೆದಿಟ್ಟವನೊಬ್ಬನಿದ್ದ. ನಾರ್ಫೋಕ್ ಸೀಮೆಯ ಜಮೀನುದಾರ, ಮರ ಬೆಳೆಸುವುದರಲ್ಲಿ ಬಲು ಆಸಕ್ತಿಯಿದ್ದ ರಾಬರ್ಟ್ ಮಾರ್ಷಮ್. ಮೊದಲ ಸ್ನೋಡ್ರಾಪ್ ಎಂದು ಅರಳಿತು, ಕಪ್ಪೆ ಎಂದು ವಟಗುಟ್ಟಿತು, ಓಕ್ ಮರ ಎಂದು ಚಿಗುರಿತು ಎಂದು 1736ರಿಂದ ಗುರುತು ಹಾಕತೊಡಗಿದ. ಇಂಥ 27 ಚಿಹ್ನೆಗಳು ಅವನ ಪಟ್ಟಿಯಲ್ಲಿದ್ದವು. ಅವನು 1797ರಲ್ಲಿ ತೀರಿಕೊಂಡ. ಆದರೆ ಮನೆತನದವರು ಈ ಕೆಲಸವನ್ನು ಬಿಡದೆ 1958ರವರೆಗೂ ನಡೆಸಿಕೊಂಡು ಬಂದರು.

ಹೂ ಅರಳಿದ ದಿನವನ್ನು ಬರೆದಿಟ್ಟು ಏನು ಫಲ ಎಂದು ನೀವು ಕೇಳಬಹುದು. ಬ್ರಿಟನ್ನಿನಲ್ಲಿ ಇಂಥ ಆಸಕ್ತರು ಬರೆದಿಟ್ಟ ಲಕ್ಷಾಂತರ ಟಿಪ್ಪಣಿಗಳನ್ನು ಕೇಂಬ್ರಿಜಿನ ವಿಜ್ಞಾನಿಗಳ ನೇತೃತ್ವದ ತಂಡವೊಂದು ಒಟ್ಟುಗೂಡಿಸಿ ನೋಡಿತು. 1986ಕ್ಕೆ ಹಿಂದಿನ ಕಾಲಕ್ಕೆ ಹೋಲಿಸಿದರೆ, ಆಮೇಲಿನ ವರ್ಷಗಳಲ್ಲಿ ಗಿಡಮರಗಳು ಸರಾಸರಿ 26 ದಿನ ಮೊದಲೇ ಹೂ ಬಿಡುತ್ತಿವೆ ಎಂದು 2022ರಲ್ಲಿ ಪ್ರಕಟವಾಯಿತು. ಹವೆ ಬಿಸಿಯಾಗುತ್ತಿರುವುದೇ ಕಾರಣ.

ಹೂ ಬೇಗ ಬಂದರೆ ಒಳ್ಳೆಯದೇ ಅಲ್ಲವೆ? ಹಾಗಲ್ಲ. ಬೇಗ ಅರಳಿದ ಹೂವಿಗೆ ತಡವಾಗಿ ಬಿದ್ದ ಇಬ್ಬನಿಗಡ್ಡೆ ಮೃತ್ಯು. ಓಕ್ ಚಿಗುರಿದಾಗ ಅದನ್ನು ತಿನ್ನುವ ಕಂಬಳಿಹುಳು ಹುಟ್ಟುತ್ತದೆ. ಆ ಹುಳುವನ್ನೇ ನಂಬಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿ ಮರಿ ಮಾಡುತ್ತದೆ. ಆಕ್ಸ್‌ಫರ್ಡಿನ ಬಳಿಯ ವೈಟಮ್ ಕಾಡಿನಲ್ಲಿ ಈ ಹಕ್ಕಿಗಳು 1960ರ ದಶಕಕ್ಕಿಂತ ಸುಮಾರು ಎರಡು ವಾರ ಮುಂಚಿತವಾಗಿಯೇ ಮೊಟ್ಟೆಯಿಡಲು ಕಲಿತಿವೆ. ಅವು ಅಲ್ಲೇ ಇರುವವು. ಮರವನ್ನು ನೋಡಿಕೊಂಡು ನಡೆಯಬಲ್ಲವು. ದೂರದ ಆಫ್ರಿಕದಲ್ಲಿ ಚಳಿಗಾಲ ಕಳೆಯುವ ಹಕ್ಕಿಗೆ ಓಕ್ ಚಿಗುರಿದ ಸುದ್ದಿ ಮುಟ್ಟಿಸುವವರು ಯಾರು? ಅದು ಬಂದು ಸೇರುವ ಹೊತ್ತಿಗೆ ಹುಳುವಿನ ಸುಗ್ಗಿ ಮುಗಿದಿದ್ದರೆ ಮರಿಗಳಿಗೆ ಹಸಿವೇ ಗತಿ.

ಮಾರ್ಷಮನಿಗೆ ಇದೊಂದೂ ತಿಳಿದಿರಲಿಲ್ಲ. ಕಂಡದ್ದನ್ನು ಕಂಡ ದಿನವೇ ಬರೆದಿಟ್ಟ, ಅಷ್ಟೆ. ಅವನೂ ಅವನಂಥವರೂ ಬರೆದಿಡದೆ ಹೋಗಿದ್ದರೆ, ವಸಂತ ಹಾದಿ ತಪ್ಪಿದೆ ಎಂಬುದು ಇಷ್ಟು ಖಚಿತವಾಗಿ ಇಂದು ಯಾರಿಗೂ ತಿಳಿಯುತ್ತಿರಲಿಲ್ಲ.