ನೀರಿಗೆ ಇದ್ದಿಲು, ನೀರಿಗೆ ಬೆಲ್ಲ

ಮಂಡ್ಯದ ಗದ್ದೆ ಬಯಲಿನಲ್ಲಿ ಹವಳದ ಅಕ್ವೇರಿಯಂ ಮಾತೇಕೆ, ಕಡಲು ಘಟ್ಟದಾಚೆ ಅಲ್ಲವೇ ಎಂದು ನೀವು ಕೇಳಬಹುದು. ಆ ಗಾಜಿನ ತೊಟ್ಟಿಯ ಉಪ್ಪುನೀರನ್ನು ಹದವಾಗಿಡಲು ಇಂಗಾಲವನ್ನು ಎರಡು ರೂಪದಲ್ಲಿ ಬಳಸುತ್ತಾರೆ. ಎರಡಕ್ಕೂ ಸಕ್ಕರೆಯ ನಂಟಿದೆ, ಮಂಡ್ಯವೋ ಸಕ್ಕರೆಯ ನಾಡು. ಮೊದಲನೆಯದು ಇದ್ದಿಲು. ಅದು ದ್ರವದ ಬಣ್ಣ ಹೀರುತ್ತದೆಂದು 1785ರಲ್ಲಿ ರಷ್ಯಾದ ರಸಾಯನತಜ್ಞ ಟೋಬಿಯಾಸ್ ಲೋವಿಟ್ಸ್ ಗುರುತಿಸಿದ. ಅದನ್ನು ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ಹಚ್ಚಿದವರು ಯುರೋಪಿನ ಸಕ್ಕರೆ ತಯಾರಕರು. ಕಂದು ಪಾಕವನ್ನು ಬಿಳಿ ಮಾಡಲು ಮರದ ಇದ್ದಿಲು, ಆಮೇಲೆ ಮೂಳೆಯ ಇದ್ದಿಲು ಬಳಸಿದರು. 1900ರ ಆಸುಪಾಸಿನಲ್ಲಿ, ಕಾದ ಉಗಿ ಹಾಯಿಸಿ ಇದ್ದಿಲಿನೊಳಗೆ ಕೋಟಿಗಟ್ಟಲೆ ಸೂಕ್ಷ್ಮ ರಂಧ್ರ ಮಾಡುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ನೀರಿನ ಫಿಲ್ಟರಿನಲ್ಲಿರುವ ಸಕ್ರಿಯ ಇದ್ದಿಲು ಅದೇ. ಬಲಿತ ತೆಂಗಿನ ಚಿಪ್ಪಿನಿಂದ ಮಾಡಿದ್ದಕ್ಕೆ ಬೆಲೆ ಹೆಚ್ಚು. ಮದ್ದೂರಿನ ಎಳನೀರು ಬುರುಡೆಯ ರಾಶಿ ಕಂಡು ಯಾರೂ ಆಸೆಪಡಬೇಕಿಲ್ಲ, ಎಳೆಯ ಚಿಪ್ಪು ಈ ಕೆಲಸಕ್ಕೆ ಬಾರದು.

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುವ ಕಾವೇರಿ ನೀರು 1974ರಿಂದ ಬೆಂಗಳೂರಿಗೆ ಹೋಗುತ್ತಿದೆ. ನಮ್ಮ ಆರೋಗ್ಯಕ್ಕೆಂದು ಆ ನೀರಿಗೆ ಬೆರೆಸುವ ಕ್ಲೋರಿನ್ ಮೀನಿಗೂ ಹವಳಕ್ಕೂ ವಿಷ. ಹಾಗಾಗಿ ಬೆಂಗಳೂರಿನಲ್ಲಿ ಹವಳ ಸಾಕುವವರು ನಲ್ಲಿನೀರನ್ನು ಮೊದಲು ಇದ್ದಿಲಿನ ಮೂಲಕ ಹಾಯಿಸಬೇಕು. ತೊಟ್ಟಿಯೊಳಗೂ ಅದು ಹಳದಿ ಛಾಯೆ, ವಾಸನೆ, ಉಳಿದ ಔಷಧಿಯನ್ನು ಹಿಡಿಯುತ್ತದೆ. ಆದರೆ ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ, ಅದರಿಂದಾಗುವ ನೈಟ್ರೇಟ್ ಇದ್ದಿಲಿಗೆ ಹೆಚ್ಚೇನೂ ಅಂಟುವುದಿಲ್ಲ. ಎಷ್ಟು ಇದ್ದಿಲು ಸುರಿದರೂ ನೀರು ಕಣ್ಣಿಗೆ ತಿಳಿಯಾದೀತೇ ಹೊರತು ಸಾರಜನಕ ಅಲ್ಲೇ ಉಳಿಯುತ್ತದೆ. ಇಂಗಾಲದ ಎರಡನೆಯ ರೂಪ ಬೇಕಾದದ್ದು ಇಲ್ಲಿ: ಬ್ಯಾಕ್ಟೀರಿಯಾಗಳಿಗೆ ಉಣ್ಣಲು ಕೊಡುವ ಇಂಗಾಲ, ಅಂದರೆ ಸಕ್ಕರೆ, ಬೆಲ್ಲ, ಕಾಕಂಬಿ, ಮದ್ಯಸಾರ.

ಬ್ಯಾಕ್ಟೀರಿಯಾ ಮೈ ಬೆಳೆಸಿಕೊಳ್ಳಲು ಇಂಗಾಲ, ಸಾರಜನಕ ಎರಡೂ ಬೇಕು. ಮೀನು ಸಾಕಿದ ನೀರಿನಲ್ಲಿ ಸಾರಜನಕ ಧಾರಾಳ, ಕೊರತೆ ಇಂಗಾಲದ್ದು. ಅದನ್ನು ಒದಗಿಸಿದರೆ ಅವು ಅಮೋನಿಯಾವನ್ನೇ ತಿಂದು ಬೆಳೆಯುತ್ತವೆ. ಇಸ್ರೇಲಿನ ವಿಜ್ಞಾನಿ ಯೋರಾಮ್ ಅವ್ನಿಮೆಲೆಕ್ 1999ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು: ಒಂದು ಗ್ರಾಂ ಅಮೋನಿಯಾ ಸಾರಜನಕ ಕಳೆಯಲು ಸುಮಾರು 20 ಗ್ರಾಂ ಪಿಷ್ಟ ಅಥವಾ ಸಕ್ಕರೆ. ಶೇ. 30 ಪ್ರೋಟೀನ್ ಇರುವ ಒಂದು ಕಿಲೋ ಮೇವಿನಲ್ಲಿ 48 ಗ್ರಾಂ ಸಾರಜನಕವಿರುತ್ತದೆ; ಅದರ ಅರ್ಧ ನೀರಿಗೆ ಬಂದರೂ ಹೆಚ್ಚುಕಡಿಮೆ ಅರ್ಧ ಕಿಲೋ ಬೆಲ್ಲ ಬೇಕು. ಬಯೋಫ್ಲಾಕ್ ಎಂಬ ಮೀನುಸಾಕಣೆಯ ಗುಟ್ಟು ಇಷ್ಟೇ. 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಅದಕ್ಕೆ ಸಹಾಯಧನವೂ ಬಂತು. ಅಲ್ಲಿ ಬ್ಯಾಕ್ಟೀರಿಯಾದ ಮುದ್ದೆಗಳನ್ನು ಮೀನೇ ತಿನ್ನುತ್ತದೆ. ಹವಳದ ತೊಟ್ಟಿಯಲ್ಲಿ ಇದೇ ಕೆಲಸಕ್ಕೆ ವೋಡ್ಕಾ ಹನಿಸುವ ಪದ್ಧತಿಯನ್ನು ಈ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ಬಳಕೆಗೆ ತಂದರು. ಬೆಳೆದ ಬ್ಯಾಕ್ಟೀರಿಯಾವನ್ನು ಅಲ್ಲಿ ಪ್ರೋಟೀನ್ ಸ್ಕಿಮ್ಮರ್ ಹೊರಹಾಕುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮೇಲೆ ನೊರೆಯೊಡನೆ ಎದ್ದ ಕೊಳೆಯನ್ನು ಜಾಲರಿ ಸೌಟಿನಲ್ಲಿ ತೆಗೆದಂತೆ, ಈ ಯಂತ್ರ ಸಣ್ಣ ಗುಳ್ಳೆ ಎಬ್ಬಿಸಿ ಕಂದು ನೊರೆಯನ್ನು ಬಟ್ಟಲಿಗೆ ಉಕ್ಕಿಸುತ್ತದೆ. ಆ ಬಟ್ಟಲನ್ನು ತೊಳೆಯದೆ ಬಿಟ್ಟರೆ ಹನಿಸಿದ ವೋಡ್ಕಾ ದಂಡ.

ಇದಕ್ಕೆ ಬಲವಾದ ಆಕ್ಷೇಪ ಮಂಡ್ಯದವರಿಂದಲೇ ಬರಬೇಕು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಜಿಲ್ಲೆ ಇದು. ಕಾಕಂಬಿ ಬೆರೆತ ನೀರು ಕೆರೆಗೆ ಹರಿದರೆ ಮೀನು ತೇಲುತ್ತದೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕೆರೆ ಕೆಡಿಸುವ ವಸ್ತು ತೊಟ್ಟಿಯನ್ನು ಹೇಗೆ ಶುದ್ಧಮಾಡೀತು? ಆಕ್ಷೇಪ ಸರಿಯೇ, ವಸ್ತುವೂ ಒಂದೇ. ಇಂಗಾಲ ಉಂಡ ಬ್ಯಾಕ್ಟೀರಿಯಾ ಆಮ್ಲಜನಕವನ್ನೂ ಉಸಿರಾಡುತ್ತದೆ. ಕೆರೆಯಲ್ಲಿ ಮೀನು ಸಾಯುವುದು ಆ ಉಸಿರಿಗೆ ಗಾಳಿ ಸಾಲದೆ. ಆದ್ದರಿಂದ ಬೆಲ್ಲ ತೂಗುವ ಮೊದಲು ಗಾಳಿಯ ಪಂಪು ನೋಡಬೇಕು ಎಂಬುದು ನನ್ನ ವಾದ. ಮೀನು ಒತ್ತಾಗಿ ತುಂಬಿದ ಬಯೋಫ್ಲಾಕ್ ತೊಟ್ಟಿಗೆ ಕರೆಂಟು ಹೋದ ಒಂದೆರಡು ಗಂಟೆಯೇ ಸಾಕು. ಜನರೇಟರ್ ಇಲ್ಲದವರು ಈ ಕಸುಬಿಗೆ ಕೈಹಾಕದಿರುವುದೇ ಲೇಸು, ಸಹಾಯಧನ ಎಷ್ಟೇ ಇರಲಿ.

ಹಾಗಾದರೆ ಹವಳದ ತೊಟ್ಟಿಗೆ ವೋಡ್ಕಾ ಹನಿ ಹಾಕುವ ರಗಳೆಯೇ ಬೇಡ, ನೀರನ್ನು ಆಗಾಗ ಬದಲಿಸಿದರಾಯಿತು ಎನ್ನುವವರಿದ್ದಾರೆ. ಸಣ್ಣ ತೊಟ್ಟಿಗೆ ಅದೇ ಒಳ್ಳೆಯದು. ದೊಡ್ಡ ತೊಟ್ಟಿಗಾದರೆ ಪ್ರತಿ ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ ಕೊಳ್ಳಬೇಕು, ಆ ಖರ್ಚು ಹಗುರದ್ದಲ್ಲ. ಇನ್ನು ಇಂಗಾಲ ಅತಿಯಾದರೆ ಬೇರೆಯೇ ಕೇಡು. ನೈಟ್ರೇಟ್, ಫಾಸ್ಫೇಟ್ ಪೂರ್ತಿ ಬರಿದಾದ ನೀರಿನಲ್ಲಿ ಹವಳದೊಳಗೆ ಬಾಳುವ ಪಾಚಿಗೆ ಗೊಬ್ಬರವೇ ಸಿಗದೆ ಹವಳ ಬಿಳಿಚಿಕೊಳ್ಳುತ್ತದೆ. ಹನಿ ಹನಿಯಾಗಿ ವೋಡ್ಕಾ ಹಾಕಿ ನೈಟ್ರೇಟ್ ಇಳಿಸಿದವರಲ್ಲಿ ಕೆಲವರು ಈಗ ಅದೇ ನೈಟ್ರೇಟನ್ನು ಪುಡಿಯ ರೂಪದಲ್ಲಿ ಕೊಂಡು, ಅಳೆದು, ತೊಟ್ಟಿಗೆ ಹಾಕುತ್ತಿದ್ದಾರೆ.