ಓಡುವ ಮುನ್ನ ನಿಲ್ಲುವ ಮಾತು

ಆಗುಂಬೆಯ ಘಾಟಿಯನ್ನೋ ಚಾರ್ಮಾಡಿಯ ಘಾಟಿಯನ್ನೋ ಕಾರಿನಲ್ಲಿ ಇಳಿದವರಿಗೆ ಒಂದು ವಾಸನೆಯ ಪರಿಚಯ ಇದ್ದೇ ಇರುತ್ತದೆ. ಕೆಲವು ತಿರುವು ಕಳೆಯುವಷ್ಟರಲ್ಲಿ ಏನೋ ಸುಟ್ಟ ನಾತ ಮೂಗಿಗೆ ಬಡಿಯುತ್ತದೆ. ಹಿಂದೆ ಕುಳಿತ ಅಜ್ಜಿ, “ಏನಪ್ಪಾ, ಗಾಡಿಯಲ್ಲಿ ಏನಾದರೂ ಹೊತ್ತಿಕೊಂಡಿತೇ?” ಎಂದು ಕೇಳುತ್ತಾರೆ. “ಏನಿಲ್ಲಜ್ಜಿ, ಬ್ರೇಕು ಕಾದಿದೆ ಅಷ್ಟೆ” ಎಂದು ಗಾಡಿ ಓಡಿಸುವವನು ಸಮಾಧಾನ ಹೇಳಿ ಮುಂದೆ ಸಾಗುತ್ತಾನೆ. ಆ “ಅಷ್ಟೆ” ಎಂಬ ಮಾತಿನಲ್ಲಿ ಏನೇನು ಅಡಗಿದೆ ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ತರುಣರಲ್ಲಿ ಈಗ ಒಂದು ಹವ್ಯಾಸ ಬೆಳೆಯುತ್ತಿದೆ. ವಾರವೆಲ್ಲ ಕಛೇರಿಗೆ ಓಡಿಸುವ ಕಾರನ್ನೇ ಒಂದು ದಿನದ ಮಟ್ಟಿಗೆ ಪಂದ್ಯದ ಟ್ರ್ಯಾಕಿಗೆ ಒಯ್ದು, ಅಲ್ಲಿ ಮನಸ್ಸು ತಣಿಯುವ ತನಕ ಓಡಿಸಿ ಬರುವುದು. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಹಿಂದೆ ಚೆನ್ನೈ ಬಳಿಯ ಷೋಲಾವರಂನಲ್ಲಿ ಹಳೆಯ ವಿಮಾನಪಟ್ಟಿಯ ಮೇಲೆ ಮೋಟಾರು ಪಂದ್ಯಗಳು ನಡೆಯುತ್ತಿದ್ದವು. ಆಮೇಲೆ 1990ರಲ್ಲಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿಲೋಮೀಟರು ಉದ್ದದ ಟ್ರ್ಯಾಕು ಬಂದಿತು. ಕೊಯಮತ್ತೂರಿನ ಬಳಿ ಸುಮಾರು 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ ಉಂಟು. ಬೆಂಗಳೂರಿನ ಹವ್ಯಾಸಿಗಳು ಬಹುಮಟ್ಟಿಗೆ ಈ ಎರಡು ಕಡೆಗೆ ಹೋಗುತ್ತಾರೆ. ಇಲ್ಲಿ ಸೋಲು ಗೆಲುವಿಲ್ಲ, ಬಹುಮಾನವಿಲ್ಲ. ಹದಿನೈದು ಇಪ್ಪತ್ತು ನಿಮಿಷಗಳ ಸರದಿಯಲ್ಲಿ ಓಡಿಸಿ, ಹೊರಗೆ ಬಂದು, ಗಾಡಿ ತಣಿದ ಮೇಲೆ ಮತ್ತೆ ಹೋಗುವುದು. ಸಾರ್ವಜನಿಕ ರಸ್ತೆಯಲ್ಲಿ ಚೆಲ್ಲಾಟವಾಡಿ ಪರರ ಪ್ರಾಣಕ್ಕೆ ಎರವಾಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದ್ದರಿಂದ ಈ ಹವ್ಯಾಸವನ್ನು ನಾನು ಬೈಯಲು ಬಂದವನಲ್ಲ.

ಮೊನ್ನೆ ನನ್ನ ಅಕ್ಕನ ಮಗ ಮನೆಗೆ ಬಂದ. “ಮಾವ, ಮುಂದಿನ ತಿಂಗಳು ಟ್ರ್ಯಾಕಿಗೆ ಹೋಗಬೇಕೆಂದಿದ್ದೇನೆ. ಯಾವ ಟೈರು ಹಾಕಿಸಲಿ?” ಎಂದು ಕೇಳಿದ. “ಬ್ರೇಕಿನ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತೋ?” ಎಂದೆ. ಹುಡುಗನ ಮುಖ ಸಪ್ಪಗಾಯಿತು. ಮದುವೆಗೆ ಯಾವ ಸೀರೆ ಉಡಲಿ ಎಂದು ಕೇಳಿದವರಿಗೆ, ಒಲೆಗೆ ಸೌದೆ ಇದೆಯೇ ಎಂದು ಕೇಳಿದ ಹಾಗಾಯಿತು! ಆದರೆ ಸೌದೆ ಇಲ್ಲದ ಮದುವೆಯಲ್ಲಿ ಸೀರೆಯನ್ನು ನೋಡುವವರು ಯಾರು? ಅವನಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಓಡುವ ಕಾರಿನಲ್ಲಿ ಶಕ್ತಿ ತುಂಬಿರುತ್ತದೆ. ಬ್ರೇಕು ಆ ಶಕ್ತಿಯನ್ನು ನುಂಗಿಬಿಡುವುದಿಲ್ಲ. ಅದನ್ನು ಶಾಖವಾಗಿ ಮಾರ್ಪಡಿಸುತ್ತದೆ, ಅಷ್ಟೇ ಅದರ ಕೆಲಸ. 1200 ಕಿಲೋ ತೂಕದ ಕಾರು ಗಂಟೆಗೆ 150 ಕಿಲೋಮೀಟರು ವೇಗದಲ್ಲಿ ಬಂದು, ತಿರುವಿನ ಮುಂದೆ 60ಕ್ಕೆ ಇಳಿಯಬೇಕೆಂದು ಇಟ್ಟುಕೊಳ್ಳಿ. ಆಗ ಹುಟ್ಟುವ ಶಾಖದಿಂದ ನಮ್ಮ ಮನೆಯ ಮೂರು ಲೀಟರು ತಣ್ಣೀರು ಕುದಿಯುವ ಹಂತಕ್ಕೆ ಬಂದೀತು. ಅಡಿಗೆಯ ಒಲೆಯ ಮೇಲೆ ಇದಕ್ಕೆ ಹತ್ತು ನಿಮಿಷವಾದರೂ ಬೇಕು. ಟ್ರ್ಯಾಕಿನಲ್ಲಿ ಮೂರು ನಾಲ್ಕು ಸೆಕೆಂಡು ಸಾಕು. ಅದರಲ್ಲಿ ಹೆಚ್ಚು ಪಾಲು ಮುಂದಿನ ಎರಡು ಚಕ್ರಗಳ ಡಿಸ್ಕುಗಳ ಮೇಲೆಯೇ ಬೀಳುತ್ತದೆ. ಆ ಡಿಸ್ಕು ತಣಿಯುವ ಮೊದಲೇ ಇನ್ನೊಂದು ತಿರುವು ಎದುರಾಗುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು. ಪೇಟೆಯ ಬೀದಿಯಲ್ಲಿ ವರ್ಷಗಟ್ಟಲೆ ದೂರಿಲ್ಲದೆ ದುಡಿದ ಬ್ರೇಕು, ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಕೈಕೊಡುವುದು ಈ ಕಾರಣದಿಂದ.

ಕೈಕೊಡುವ ರೀತಿ ಎರಡು. ಇವನ್ನು ಬೇರೆ ಬೇರೆಯಾಗಿ ಗುರುತಿಸುವುದು ಬಹಳ ಮುಖ್ಯ. ಒಂದನೆಯದು, ಪೆಡಲು ಎಂದಿನಂತೆ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಇದು ಪ್ಯಾಡಿನ ಸೋಲು. ಪ್ಯಾಡಿನ ಪುಡಿಗಳನ್ನು ಹಿಡಿದಿಟ್ಟ ಅಂಟು ಅತಿ ಶಾಖಕ್ಕೆ ಸುಟ್ಟು ಅನಿಲವಾಗಿ, ಹಿಡಿತ ತಪ್ಪುತ್ತದೆ. ಘಾಟಿಯಲ್ಲಿ ತಮಗೆ ಬಂದ ವಾಸನೆ ಇದರ ಮುನ್ಸೂಚನೆ. ಎರಡನೆಯದು, ಪೆಡಲು ಮೆತ್ತಗಾಗಿ ನೆಲದ ತನಕ ಇಳಿದುಹೋಗುತ್ತದೆ. ಇದು ಎಣ್ಣೆಯ ಸೋಲು. ಕೊಳವೆಯಲ್ಲಿ ಬ್ರೇಕಿನ ಎಣ್ಣೆ ಕುದಿದು ಗುಳ್ಳೆಯೆದ್ದಿರುತ್ತದೆ. ದ್ರವವನ್ನು ಒತ್ತಿದರೆ ಬಲ ಮುಂದಕ್ಕೆ ಸಾಗುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಚಕ್ರಕ್ಕೆ ಏನೂ ಮುಟ್ಟುವುದಿಲ್ಲ.

ಈ ಎರಡನೆಯದು ನಾನು ಪುಸ್ತಕದಲ್ಲಿ ಓದಿ ಹೇಳುವ ಮಾತಲ್ಲ. ನನ್ನ ಮೊದಲ ಟ್ರ್ಯಾಕಿನ ದಿನ ಮೂರು ಸುತ್ತು ಸೊಗಸಾಗಿ ಕಳೆದವು. ನಾಲ್ಕನೆಯ ಸುತ್ತಿನಲ್ಲಿ ನೇರ ಹಾದಿಯ ಕೊನೆಗೆ ಬಂದು ಕಾಲಿಟ್ಟರೆ, ಪೆಡಲು ಒದ್ದೆ ಹತ್ತಿಯ ಹಾಗೆ ತಳಕ್ಕೆ ಇಳಿಯಿತು. ಎರಡು ಮೂರು ಸಲ ಬೇಗ ಬೇಗ ಒತ್ತಿ, ಗೇರು ಇಳಿಸಿ, ಹೇಗೋ ಹಾದಿಯಾಚೆಯ ಮಣ್ಣಿನ ಬಯಲಿನಲ್ಲಿ ಗಾಡಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ, ನನ್ನ ಜಂಬಕ್ಕೆ ಹೊರತು. ಹೊಸ ಟೈರುಗಳಿಗೆ ಹಣ ಸುರಿದಿದ್ದ ನಾನು, ಎರಡು ಮಳೆಗಾಲ ಕಂಡ ಎಣ್ಣೆಯನ್ನು ಹಾಗೆಯೇ ಬಿಟ್ಟಿದ್ದೆ. ತಪ್ಪು ಪೂರಾ ನನ್ನದೇ.

ಬ್ರೇಕಿನ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4, ಡಾಟ್ 5.1 ಎಂದು ಬರೆದಿರುತ್ತದಷ್ಟೆ. ಹೊಸದಾಗಿದ್ದಾಗ ಇವು ಕ್ರಮವಾಗಿ ಕನಿಷ್ಠ 205, 230, 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕೆಂಬುದು ಕಟ್ಟಳೆ. ತೇವ ಹೀರಿದ ಎಣ್ಣೆಗೆ ಆ ಅಂಕಿಗಳು 140, 155, 180 ಡಿಗ್ರಿ. ವ್ಯತ್ಯಾಸ ನೋಡಿ! ಟ್ರ್ಯಾಕಿಗೆ ಹೋಗುವ ಮುನ್ನ ಹೊಸ ಡಾಟ್ 4 ಅಥವಾ 5.1 ಹಾಕಿಸಿ, ಕೊಳವೆಯ ಗಾಳಿಯನ್ನು ಪೂರ್ತಿ ತೆಗೆಸಬೇಕು. ಡಾಟ್ 5 ಎಂಬುದು ಸಿಲಿಕೋನಿನದು, ಬೇರೆ ಜಾತಿ. ಅದನ್ನು ಇವುಗಳೊಡನೆ ಬೆರೆಸಬಾರದು. ಇಡೀ ತಯಾರಿಯಲ್ಲಿ ಅತಿ ಕಡಮೆ ಖರ್ಚಿನ ಕೆಲಸ ಇದು. ಪ್ರಾಣ ಉಳಿಸುವುದರಲ್ಲಿ ಮೊದಲನೆಯದು.

ಇನ್ನು ಪ್ಯಾಡಿನ ವಿಚಾರ. 1888ರಲ್ಲಿ ಬರ್ತಾ ಬೆಂಜ್ ಎಂಬಾಕೆ ಗಂಡನು ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕಿ ಪಯಣ ಮಾಡಿದಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದಾಗ, ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಅವಕ್ಕೆ ತೊಗಲು ಹೊಡೆಸಿದಳಂತೆ. ಇಂದಿನ ಪ್ಯಾಡಿನ ಮೂಲ ಆ ತೊಗಲಿನ ತುಂಡು. ಬೇಗ ಓಡುವವನಿಗೆ ಬೇಗ ನಿಲ್ಲುವುದೂ ಬೇಕು ಎಂಬುದಕ್ಕೆ ಇನ್ನೊಂದು ಸಾಕ್ಷಿ 1953ರ ಲ ಮಾನ್ ಪಂದ್ಯ. ಇಪ್ಪತ್ತನಾಲ್ಕು ಗಂಟೆಗಳ ಆ ಓಟವನ್ನು ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಕಾರು ಗೆದ್ದಿತು. ಡ್ರಮ್ಮಿನ ಬ್ರೇಕುಗಳು ಕಾದು ಸೋಲುವ ಕಡೆ ಬಯಲಿಗೆ ತೆರೆದ ಡಿಸ್ಕು ಬೇಗ ತಣಿದು, ಸುತ್ತು ಸುತ್ತಿಗೂ ಒಂದೇ ಸಮನಾಗಿ ಹಿಡಿಯುತ್ತಿತ್ತು.

‘ಒಂದೇ ಸಮನಾಗಿ’ ಎಂಬುದೇ ಪ್ಯಾಡಿನ ಆಯ್ಕೆಯ ಕೀಲಿ. ಒಳ್ಳೆಯ ಪ್ಯಾಡು ಹಾಕಿದರೆ ಕಾರು ಹತ್ತು ಗಜ ಮೊದಲೇ ನಿಲ್ಲುತ್ತದೆಂದು ಹಲವರ ನಂಬಿಕೆ. ಅದು ಹಾಗಲ್ಲ. ಚಕ್ರವನ್ನು ಲಾಕ್ ಮಾಡುವಷ್ಟು ಬಲ ಸಾಮಾನ್ಯ ಪ್ಯಾಡಿಗೂ ಉಂಟು. ಅಲ್ಲಿಂದಾಚೆಗೆ ಗಾಡಿಯನ್ನು ನಿಲ್ಲಿಸುವುದು ಟೈರು. ಟ್ರ್ಯಾಕಿನ ಪ್ಯಾಡು ಕೊಡುವ ಲಾಭವೆಂದರೆ, ಹತ್ತನೆಯ ಸುತ್ತಿನಲ್ಲೂ ಅದು ಮೊದಲನೆಯ ಸುತ್ತಿನಂತೆಯೇ ನಡೆದುಕೊಳ್ಳುತ್ತದೆ.

ಹಾಗಾದರೆ ಪಂದ್ಯದ ಪ್ಯಾಡನ್ನೇ ಹಾಕಿಬಿಡೋಣವೇ? ಬೇಡ. ಅದು ಕಾದ ಮೇಲೆಯೇ ಕಚ್ಚುವ ಪ್ರಾಣಿ. ಬೆಳಗಿನ ಹೊತ್ತು ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿಗೆ ಬಂದಾಗ, ತಣ್ಣಗಿರುವ ಆ ಪ್ಯಾಡು ಸರಿಯಾಗಿ ಹಿಡಿಯದು. ಮೇಲಾಗಿ ಕಿರುಚುತ್ತದೆ, ಧೂಳು ಕಾರುತ್ತದೆ, ಡಿಸ್ಕನ್ನು ತಿನ್ನುತ್ತದೆ. ಟ್ರ್ಯಾಕಿಗೂ ರಸ್ತೆಗೂ ಒಂದೇ ಕಾರು ಎನ್ನುವವರಿಗೆ ನಡುವಣ ಜಾತಿಯ ಪ್ಯಾಡು ಲೇಸು: ತಣ್ಣಗಿದ್ದಾಗಲೂ ಹಿಡಿಯಬೇಕು, ಮಾಮೂಲು ಪ್ಯಾಡಿಗಿಂತ ಹೆಚ್ಚು ಶಾಖವನ್ನೂ ತಾಳಬೇಕು. ಯಾವ ಶಾಖದಿಂದ ಯಾವ ಶಾಖದವರೆಗೆ ಅದು ದುಡಿಯುತ್ತದೆಂದು ತಯಾರಕರು ತಿಳಿಸುತ್ತಾರೆ. ಮೇಲಿನ ಅಂಕಿಯನ್ನಷ್ಟೇ ನೋಡದೆ ಕೆಳಗಿನ ಅಂಕಿಯನ್ನೂ ಓದಿ. ಅನೇಕ ಪ್ಯಾಡುಗಳ ಅಂಚಿನಲ್ಲಿ ಎಫ್‌ಎಫ್, ಜಿಜಿ ಎಂಬಂತೆ ಎರಡು ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಧಾರಣ ಶಾಖದ ಹಿಡಿತ, ಎರಡನೆಯದು ಕಾದಾಗಿನ ಹಿಡಿತ. ಇ ಎಂದರೆ ಘರ್ಷಣೆಯ ಅಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಇದು ಒಂದು ಸುಳಿವು ಮಾತ್ರ, ಗುಣದ ಮುದ್ರೆಯಲ್ಲ.

ಹೊಸ ಪ್ಯಾಡನ್ನು ಹಾಕಿದ ದಿನವೇ ಟ್ರ್ಯಾಕಿಗೆ ಇಳಿಯಬಾರದು. ಖಾಲಿ ರಸ್ತೆಯಲ್ಲಿ ಹಲವು ಸಲ ಮೆಲ್ಲಮೆಲ್ಲಗೆ ಒತ್ತಿ, ಪೂರ್ತಿ ನಿಲ್ಲಿಸದೆ, ನಡುವೆ ತಣಿಯಲು ಬಿಟ್ಟು, ಪ್ಯಾಡು ಡಿಸ್ಕುಗಳನ್ನು ಒಂದಕ್ಕೊಂದು ಪಳಗಿಸಬೇಕು. ಪ್ಯಾಡಿನ ದಪ್ಪ ಅರ್ಧಕ್ಕಿಂತ ಕಡಮೆಯಿದ್ದರೆ ಅಂದಿನ ಪ್ರಯಾಣ ಬೇಡ. ಹಿಂದಿನ ಚಕ್ರಗಳಿಗೆ ಮಾತ್ರ ಬಿಗಿಯಾದ ಪ್ಯಾಡು ಹಾಕುವ ಸಾಹಸವಂತೂ ಕೂಡದು. ಹಿಂಭಾಗ ಮೊದಲು ಜಾರಿ ಗಾಡಿ ಬುಗುರಿಯಾದೀತು. ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕು ಬಳಸದೆ ನಿಧಾನವಾಗಿ ಓಡಿಸಿ ಬನ್ನಿ. ನಿಂತ ಮೇಲೆ ಕೈಬ್ರೇಕು ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಈಗ ಅಕ್ಕನ ಮಗ ಕೇಳಿದ ಟೈರಿಗೆ ಬರೋಣ. ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಅಂಗೈ ಅಗಲದಷ್ಟು ಜಾಗದಲ್ಲಿ. ನಾಲ್ಕು ಅಂಗೈಗಳ ಮೇಲೆ ನಮ್ಮ ಬದುಕು! ಹೊಸಬರಿಗೆ ನನ್ನ ಸಲಹೆ: ಮೊದಲ ಕೆಲವು ದಿನ ರಸ್ತೆಯ ಒಳ್ಳೆಯ ಟೈರಿನಲ್ಲೇ ಕಲಿಯಿರಿ. ಅದು ಹಿಡಿತ ಬಿಡುವ ಮೊದಲು ಕೀರಿಟ್ಟು ಎಚ್ಚರಿಸುತ್ತದೆ, ಸ್ವಲ್ಪಸ್ವಲ್ಪವಾಗಿ ಜಾರುತ್ತದೆ. ಬಿಗಿಯಾಗಿ ಕಚ್ಚುವ ಪಂದ್ಯದ ಟೈರು ಹೆಚ್ಚಿನ ವೇಗದ ತನಕ ಮೌನವಾಗಿದ್ದು, ಬಿಡುವಾಗ ಥಟ್ಟನೆ ಬಿಡುತ್ತದೆ. ಕಲಿಯುವವನಿಗೆ ಮಾತಾಡುವ ಗುರು ಬೇಕು.

ಕೊಳ್ಳುವಾಗ ಟೈರಿನ ಪಕ್ಕದ ಬರಹವನ್ನು ಓದಿ. 195/55 ಆರ್ 15 85 ವಿ ಎಂದಿದ್ದರೆ, 195 ಮಿಲಿಮೀಟರು ಅಗಲ, ಅದರ ನೂರಕ್ಕೆ 55 ಪಾಲು ಎತ್ತರ, 15 ಅಂಗುಲದ ರಿಮ್ಮು, ಒಂದು ಟೈರಿಗೆ 515 ಕಿಲೋ ಹೊರೆ, ಗಂಟೆಗೆ 240 ಕಿಲೋಮೀಟರು ವೇಗದ ಮಿತಿ. ಟಿ ಎಂದರೆ 190, ಎಚ್ ಎಂದರೆ 210. ‘ಟ್ರೆಡ್‌ವೇರ್’ ಎಂಬ ಅಂಕಿ 200ರ ಆಸುಪಾಸಿದ್ದರೆ ರಬ್ಬರು ಮೆತ್ತಗೆ, ಹಿಡಿತ ಹೆಚ್ಚು, ಆಯುಸ್ಸು ಕಡಮೆ; 400 ಇದ್ದರೆ ಬಾಳಿಕೆ ಹೆಚ್ಚು. ಆದರೆ ಈ ಅಂಕಿಯನ್ನು ಆಯಾ ತಯಾರಕರೇ ಕೊಟ್ಟುಕೊಳ್ಳುವುದರಿಂದ ಒಂದು ಕಂಪನಿಯದನ್ನು ಇನ್ನೊಂದರ ಜೊತೆ ತೂಗಬಾರದು. ತಯಾರಾದ ದಿನವನ್ನು ನಾಲ್ಕು ಅಂಕೆಗಳಲ್ಲಿ ಒತ್ತಿರುತ್ತಾರೆ: 2223 ಎಂದರೆ 2023ರ ಇಪ್ಪತ್ತೆರಡನೆಯ ವಾರ. ಅಗ್ಗಕ್ಕೆ ಸಿಕ್ಕಿತೆಂದು ಗಟ್ಟಿಗಟ್ಟಿಯಾದ ಹಳೆಯ ರಬ್ಬರನ್ನು ಕೊಳ್ಳಬೇಡಿ.

ಗಾಳಿಯ ಒತ್ತಡವನ್ನೂ ಮರೆಯಬಾರದು. ಟೈರು ಹತ್ತು ಡಿಗ್ರಿ ಕಾದರೆ ಒಳಗಿನ ಒತ್ತಡ ಸುಮಾರು ಒಂದೂವರೆ ಪೌಂಡು ಏರುತ್ತದೆ. ಆದ್ದರಿಂದ ಟ್ರ್ಯಾಕಿನಿಂದ ಬಂದೊಡನೆ, ಬಿಸಿಯಿರುವಾಗಲೇ ಅಳೆದು, ಹೆಚ್ಚಾದುದನ್ನು ಬಿಡುವುದು ವಾಡಿಕೆ. ಆದರೆ ಸಂಜೆ ಟೈರು ತಣಿದ ಮೇಲೆ ಆ ಗಾಳಿ ಸಾಲದಾಗಿರುತ್ತದೆ. ಮತ್ತೆ ಗಾಳಿ ಹೊಡೆಸದೆ ಊರಿನ ದಾರಿ ಹಿಡಿಯಬೇಡಿ.

ಕೊನೆಯ ಮಾತು ಈ ಊರಿನ ದಾರಿಯದೇ. ಶ್ರೀಪೆರಂಬದೂರಿನಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿನಷ್ಟು ದೂರ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಅಂಬುಲೆನ್ಸು ಕಾದಿರುತ್ತದೆ. ಹೆದ್ದಾರಿಯಲ್ಲಿ ಕತ್ತಲೆ, ಲಾರಿ, ಅಡ್ಡ ಬರುವ ದನ, ಒಮ್ಮೊಮ್ಮೆ ಮಳೆ. ಬೆಳಿಗ್ಗೆ ಗೀರಿಲ್ಲದಷ್ಟು ಸವೆದ ಟೈರು ಒಣ ಹಾದಿಯಲ್ಲಿ ಸೊಗಸಾಗಿ ಹಿಡಿದಿರಬಹುದು. ನಿಂತ ನೀರಿನ ಮೇಲೆ ಅದು ತೇಲುತ್ತದೆ. ಆದ್ದರಿಂದ ಟೈರನ್ನೂ ಪ್ಯಾಡನ್ನೂ ಟ್ರ್ಯಾಕಿನ ಇಪ್ಪತ್ತು ನಿಮಿಷಕ್ಕಾಗಿ ಅಲ್ಲ, ಇಡೀ ದಿನಕ್ಕಾಗಿ ಆರಿಸಬೇಕು. ವಿಮೆಯ ಪತ್ರವನ್ನೂ ಒಮ್ಮೆ ತೆಗೆದು ಓದಿ. ಪಂದ್ಯಕ್ಕೂ ವೇಗದ ಪರೀಕ್ಷೆಗೂ ವಿಮೆ ಸಲ್ಲದೆಂಬ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ.

ಅಕ್ಕನ ಮಗ ಹೊಸ ಎಣ್ಣೆ ಹಾಕಿಸಿದ್ದಾನೆ, ಮುಂದಿನ ಚಕ್ರಗಳಿಗೆ ಹದವಾದ ಪ್ಯಾಡು ಹಾಕಿಸಿ ಪಳಗಿಸಿದ್ದಾನೆ. ಟೈರು ಹಳೆಯದೇ, ಗೀರು ಚೆನ್ನಾಗಿದೆ. “ಇಷ್ಟು ಸಾಕೇ ಮಾವ?” ಎಂದ. “ಸಾಕು. ಸಂಜೆ ಮನೆಗೆ ಬಂದು ನಿಮ್ಮಮ್ಮನ ಕೈಯಿಂದ ಕಾಫಿ ಕುಡಿದರೆ ನೀನೇ ಗೆದ್ದಂತೆ” ಎಂದೆ. ಟ್ರ್ಯಾಕಿನ ಗೊಡವೆಯೇ ಇಲ್ಲದ ತಾವು ಕೂಡ ಮುಂದಿನ ಬಾರಿ ಧರ್ಮಸ್ಥಳಕ್ಕೋ ಉಡುಪಿಗೋ ಘಾಟಿ ಇಳಿಯುವ ಮುನ್ನ ಗ್ಯಾರೇಜಿನ ಮೇಸ್ತ್ರಿಯನ್ನು ಒಂದು ಮಾತು ಕೇಳಿ: ಬ್ರೇಕಿನ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತು? ಘಾಟಿಯಲ್ಲಿ ಏರಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಆ ವಾಸನೆ ಬಂದರೆ, “ಅಷ್ಟೆ” ಎನ್ನದೆ, ಜಾಗ ನೋಡಿ ಗಾಡಿ ನಿಲ್ಲಿಸಿ, ಅದು ತಣಿಯುವ ತನಕ ಕಣಿವೆಯನ್ನು ನೋಡುತ್ತ ಕುಳಿತುಕೊಳ್ಳಿ.