ಹಳೆಯ ಕಾರಿನ ತಂಪು ದ್ರವ ಮತ್ತು ಮೋರಿಯ ನೀರು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನ ಹೊರವಲಯದಲ್ಲಿ ದುಡಿಯುವ ಮಲೆನಾಡಿಗರ ಸಂಖ್ಯೆ ಸಣ್ಣದಲ್ಲ. ಪೀಣ್ಯದ ಲೇತ್ ಯಂತ್ರಗಳ ಮುಂದೆ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ, ವೈಟ್‌ಫೀಲ್ಡಿನ ಕಾವಲು ಗೂಡುಗಳಲ್ಲಿ ಘಟ್ಟದ ಊರುಗಳವರು ಇದ್ದಾರೆ. ಅವರಲ್ಲಿ ಹಲವರು ಮೊದಲು ಕೊಳ್ಳುವುದು ಎರಡನೆಯ ಅಥವಾ ಮೂರನೆಯ ಕೈಯ ಕಾರನ್ನು. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಬಾಸಡರ್ ತಯಾರಿಕೆಯೂ ನಿಂತಿತು. ಕಾರುಗಳು ಮಾತ್ರ ನಿಂತಿಲ್ಲ. ವಾರವೆಲ್ಲ ಸಿಲ್ಕ್ ಬೋರ್ಡಿನ ವಾಹನ ದಟ್ಟಣೆಯಲ್ಲಿ ತೆವಳಿ, ಶನಿವಾರ ರಾತ್ರಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹಾದು ಊರು ಸೇರುತ್ತವೆ. ಇಂತಹ ಕಾರು ದಾರಿಯಲ್ಲಿ ಕುದಿದು ನಿಂತರೆ ಒಂದು ಕುಟುಂಬದ ತಿಂಗಳ ಸಂಬಳ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ಟಿಗೆ ಹೋಗುತ್ತದೆ. ಅದರಿಂದ ಬಸಿದ ಹಸಿರು ದ್ರವವನ್ನು ಮೋರಿಗೆ ಚೆಲ್ಲಿದರೆ ಆಗುವ ನಷ್ಟಕ್ಕೆ ಬಿಲ್ಲು ಬರುವುದಿಲ್ಲ. ಈ ಎರಡನ್ನೂ ಒಟ್ಟಿಗೆ ನೋಡುವುದು ಇಂದಿನ ಮಾತಿನ ಉದ್ದೇಶ.

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಶಾಖವಾಗಿ ತಂಪು ದ್ರವವನ್ನು ಸೇರುತ್ತದೆ. ಆ ಶಾಖವನ್ನು ರೇಡಿಯೇಟರಿಗೆ ಒಯ್ದು ಗಾಳಿಗೆ ಬಿಡುವುದು ದ್ರವದ ಕೆಲಸ. ಈ ಕೆಲಸಕ್ಕೆ ನೀರಿಗಿಂತ ಸಮರ್ಥವಾದ ಅಗ್ಗದ ದ್ರವ ಬೇರೊಂದಿಲ್ಲ. ಹಾಗಾದರೆ ಬರಿಯ ನೀರು ಸಾಲದೆ? ಈ ಪ್ರಶ್ನೆಯನ್ನು ಹಳ್ಳಿಯ ಚಾಲಕರು ಕೇಳುವುದುಂಟು, ಅದು ನ್ಯಾಯವಾದ ಪ್ರಶ್ನೆಯೇ. ತಂಪು ದ್ರವದ ಮುಖ್ಯ ರಾಸಾಯನಿಕವಾದ ಎಥಿಲೀನ್ ಗ್ಲೈಕಾಲ್ ಮೂಲತಃ ಹಿಮ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಬಳಕೆಗೆ ಬಂದದ್ದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹೆಪ್ಪುಗಟ್ಟುವ ಭಯ ಇಲ್ಲಿ ಯಾರಿಗೂ ಇಲ್ಲ.

ಇಲ್ಲಿಯ ಭಯ ಬೇರೆ. ಮೊದಲನೆಯದು ಕುದಿತ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಆ ಬಿಂದುವನ್ನು ಇಪ್ಪತ್ತು ಡಿಗ್ರಿಯಷ್ಟು ಮೇಲಕ್ಕೆ ತಳ್ಳುತ್ತದೆ. ಗ್ಲೈಕಾಲ್ ಇನ್ನಷ್ಟು ಏರಿಸುತ್ತದೆ. ಮುಚ್ಚಳದ ರಬ್ಬರು ಒಣಗಿ ಬಿರಿದಿದ್ದರೆ ಎಷ್ಟು ದುಬಾರಿ ದ್ರವ ಹಾಕಿದರೂ ಫಲವಿಲ್ಲ. ಹಳೆಯ ಕಾರು ಕುದಿಯುತ್ತಿದೆ ಎಂದಾಗ ಮೊದಲು ಬದಲಿಸಬೇಕಾದ ವಸ್ತು ಎಷ್ಟೋ ಬಾರಿ ಈ ಅಗ್ಗದ ಮುಚ್ಚಳ. ಅಂಬಾಸಡರಿನ ಫ್ಯಾನು ಎಂಜಿನ್ನಿನ ಬೆಲ್ಟಿನಿಂದ ತಿರುಗುವಂಥದ್ದು. ವಾಹನಗಳು ನಿಂತು ನಿಂತು ಸಾಗುವಾಗ ಅದು ನಿಧಾನವಾಗಿ ತಿರುಗುತ್ತದೆ, ಗಾಳಿಯ ಅಗತ್ಯವಿರುವುದು ಆಗಲೇ. ಮಾರುತಿಯಲ್ಲಿ ವಿದ್ಯುತ್ ಫ್ಯಾನು. ಅದರ ಸ್ವಿಚ್ಚು ಕೆಟ್ಟಿದ್ದರೆ ಹೆದ್ದಾರಿಯಲ್ಲಿ ತಿಳಿಯುವುದಿಲ್ಲ, ಹೊಸೂರು ರಸ್ತೆಯ ಸಂಜೆಯಲ್ಲಿ ತಿಳಿಯುತ್ತದೆ.

ಎರಡನೆಯ ಭಯ ತುಕ್ಕು ಮತ್ತು ಸುಣ್ಣ. ಹಳೆಯ ಎಂಜಿನ್ನಿನೊಳಗೆ ಎರಕದ ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಸೀಸದ ಬೆಸುಗೆ ಇವೆಲ್ಲ ಒಂದೇ ದ್ರವದಲ್ಲಿ ಮುಳುಗಿರುತ್ತವೆ. ಬೇರೆ ಬೇರೆ ಲೋಹಗಳು ಲವಣವಿರುವ ನೀರಿನಲ್ಲಿ ಕೂಡಿದರೆ ಅದು ಒಂದು ಬ್ಯಾಟರಿಯೇ ಸರಿ; ಒಂದು ಲೋಹ ಇನ್ನೊಂದನ್ನು ತಿನ್ನಲಾರಂಭಿಸುತ್ತದೆ. ಇದಕ್ಕೆ ಬೆಂಗಳೂರಿನ ಪೂರ್ವ ಭಾಗದ ಕೊಳವೆಬಾವಿಯ ನೀರನ್ನು ಸೇರಿಸಿ ನೋಡಿ. ವೈಟ್‌ಫೀಲ್ಡಿನ ಸುತ್ತ ಸಾವಿರ ಅಡಿ ದಾಟಿದ ಬಾವಿಗಳಿವೆ. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಆ ನೀರು ಗಡಸು. ಕಾದಾಗ ಅದರಲ್ಲಿನ ಬೈಕಾರ್ಬೊನೇಟು ಸುಣ್ಣದ ಪೊರೆಯಾಗಿ ಲೋಹಕ್ಕೆ ಅಂಟುತ್ತದೆ. ಸ್ನಾನದ ಹಂಡೆಯ ತಳವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಪೊರೆ ಲೋಹದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಶಾಖವನ್ನು ಸಾಗಿಸುತ್ತದೆ. ಎಂಜಿನ್ನು ಒಳಗೊಳಗೇ ಬೇಯುತ್ತದೆ, ಮುಳ್ಳು ತಡವಾಗಿ ಏರುತ್ತದೆ.

ಆದ್ದರಿಂದ ಬೇಕಾಗಿರುವುದು ಗ್ಲೈಕಾಲಿಗಿಂತ ಹೆಚ್ಚಾಗಿ ಅದರ ಜೊತೆಯಲ್ಲಿರುವ ತುಕ್ಕುರೋಧಕ. ಇದರಲ್ಲಿ ಎರಡು ಮುಖ್ಯ ವಂಶಗಳಿವೆ. ಸಿಲಿಕೇಟು, ಫಾಸ್ಫೇಟುಗಳಂತಹ ಲವಣಗಳನ್ನು ಆಧರಿಸಿದ ಹಳೆಯ ಬಗೆ ಲೋಹದ ಮೇಲೆ ಬೇಗನೆ ತೆಳುಪೊರೆ ಕಟ್ಟುತ್ತದೆ. ಎರಡು ವರ್ಷಗಳಲ್ಲಿ ಸವೆಯುತ್ತದೆ. ಸಾವಯವ ಆಮ್ಲಗಳನ್ನು ಆಧರಿಸಿದ ಹೊಸ ಬಗೆ ಐದು ವರ್ಷದಷ್ಟು ಬಾಳುತ್ತದೆ. ಆದರೆ ಅದರ ಕೆಲವು ಮಿಶ್ರಣಗಳು ಸೀಸದ ಬೆಸುಗೆಗೂ ಹಳೆಯ ಸೀಲುಗಳಿಗೂ ಹೊಂದುವುದಿಲ್ಲ. (ಇಲ್ಲಿ ‘ಸಾವಯವ’ ಎಂದರೆ ಗೊಬ್ಬರದ ಸಾವಯವವಲ್ಲ, ರಸಾಯನಶಾಸ್ತ್ರದ್ದು, ಆ ಹೆಸರು ಕೇಳಿ ಪರಿಸರಕ್ಕೆ ಒಳ್ಳೆಯದೆಂದು ಯಾರೂ ಭ್ರಮಿಸಬಾರದು.) ತಾಮ್ರ ಹಿತ್ತಾಳೆಯ ರೇಡಿಯೇಟರ್ ಇರುವ ಹಳೆಯ ಕಾರಿಗೆ ಹಳೆಯ ಬಗೆಯೇ ಕ್ಷೇಮ. ಅಲ್ಯೂಮಿನಿಯಂ ರೇಡಿಯೇಟರ್ ಇರುವ ನಂತರದ ಕಾರುಗಳಿಗೆ ತಯಾರಕರ ಪುಸ್ತಕ ಹೇಳಿದ್ದನ್ನೇ ಹಾಕುವುದು ಲೇಸು. ಬಣ್ಣವನ್ನು ನಂಬಬಾರದು. ಹಸಿರು, ಕೆಂಪು, ನೀಲಿ ಎಲ್ಲವೂ ತಯಾರಕರು ಬೆರೆಸಿದ ಬಣ್ಣ ಮಾತ್ರ. ಡಬ್ಬಿಯ ಮೇಲೆ ಭಾರತೀಯ ಮಾನಕ ಐಎಸ್ 5759 ಅಥವಾ ಜಪಾನಿನ ಜೆಐಎಸ್ ಕೆ 2234 ಎಂಬ ಗುರುತನ್ನು ಹುಡುಕಬೇಕು. ಎರಡು ಬಗೆಗಳನ್ನು ಬೆರೆಸಿದರೆ ಕೆಲವೊಮ್ಮೆ ಲೋಳೆಯಂತಾಗಿ ರೇಡಿಯೇಟರಿನ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಹಾಗಾಗದಿದ್ದರೂ ರೋಧಕದ ಶಕ್ತಿ ಕುಂದುತ್ತದೆ.

ಮಂದ ದ್ರವವನ್ನು ಕೊಂಡವರು ಅದಕ್ಕೆ ಬೆರೆಸಬೇಕಾದದ್ದು ಬಟ್ಟಿ ಇಳಿಸಿದ ನೀರನ್ನು. ಅದನ್ನೇ ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿ ನೀರು ಎನ್ನುತ್ತಾರೆ. ಆಮ್ಲ ಬೆರೆತ ಬ್ಯಾಟರಿ ದ್ರವ ಅದಲ್ಲ, ಎಚ್ಚರ ಬೇಕು. ಘಟ್ಟದಲ್ಲಿ ಸಿಕ್ಕಿಬಿದ್ದಾಗ ಬಟ್ಟೆಯಲ್ಲಿ ಸೋಸಿದ ಮಳೆನೀರು ನಗರದ ಟ್ಯಾಂಕರ್ ನೀರಿಗಿಂತ ಎಷ್ಟೋ ಮೇಲು. ಗ್ಲೈಕಾಲಿನ ಪ್ರಮಾಣ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಇದ್ದರೆ ಸಾಕು. ಹೆಚ್ಚು ಹಾಕಿದಷ್ಟೂ ದ್ರವದ ಶಾಖ ಒಯ್ಯುವ ಶಕ್ತಿ ಕಡಿಮೆಯಾಗುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಎರಡು ಪರೀಕ್ಷೆಗಳಿವೆ. ತಣ್ಣಗಿರುವ ದ್ರವಕ್ಕೆ ಲಿಟ್ಮಸ್ ಅದ್ದಿದಾಗ ಅದು ಕ್ಷಾರದ ಕಡೆಗೆ ತೋರಬೇಕು. ಆಮ್ಲದ ಕಡೆಗೆ ತಿರುಗಿದ್ದರೆ ರೋಧಕ ಮುಗಿದಿದೆ. ಮಲ್ಟಿಮೀಟರಿನ ಒಂದು ಮೊನೆಯನ್ನು ದ್ರವದಲ್ಲೂ ಇನ್ನೊಂದನ್ನು ಕಾರಿನ ಬ್ಯಾಟರಿಯ ಋಣ ತುದಿಯಲ್ಲೂ ಇಟ್ಟರೆ 0.3 ವೋಲ್ಟಿಗಿಂತ ಕಡಿಮೆ ಬರಬೇಕು. ಹೆಚ್ಚು ಬಂದರೆ ಲೋಹ ಕರಗುತ್ತಿರುವ ಸೂಚನೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡ ಇಳಿದ ಕ್ಷಣ ಒಳಗಿನ ದ್ರವ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ಕುದಿಯುವ ಕಾರಿನ ಥರ್ಮೋಸ್ಟಾಟನ್ನು ಕಿತ್ತೆಸೆಯುವುದು ಗ್ಯಾರೇಜುಗಳ ಹಳೆಯ ಚಾಳಿ. ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುವ ಆ ಮೇಣದ ಕವಾಟವಿಲ್ಲದೆ ಎಂಜಿನ್ನು ಬೇಗ ಬಿಸಿಯಾಗದು. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಹೊಗೆ ಹೆಚ್ಚು ಬಿಡುತ್ತದೆ. ರೋಗ ರೇಡಿಯೇಟರಿನಲ್ಲಿರುವಾಗ ಥರ್ಮೋಸ್ಟಾಟಿಗೆ ಶಿಕ್ಷೆ ಕೊಟ್ಟಂತೆ.

ಇನ್ನು ಮೋರಿಯ ಮಾತು. ಪೀಣ್ಯದ ಅಂತರ್ಜಲದಲ್ಲಿ ಲೋಹಲೇಪನ ಘಟಕಗಳಿಂದ ಸೇರಿದ ಕ್ರೋಮಿಯಂ ಇರುವುದು ಹಲವು ಪರೀಕ್ಷೆಗಳಲ್ಲಿ ಕಂಡಿರುವ ಸಂಗತಿ. ವಿಚಿತ್ರವೆಂದರೆ, ಅದೇ ಕ್ರೋಮಿಯಂನ ಲವಣವನ್ನು ಒಂದು ಕಾಲದಲ್ಲಿ ಜಗತ್ತಿನಾದ್ಯಂತ ತಂಪು ನೀರಿನ ತುಕ್ಕುರೋಧಕವಾಗಿ ಬಳಸುತ್ತಿದ್ದರು; ವಿಷವೆಂದು ತಿಳಿದ ಮೇಲೆ ಕೈಬಿಟ್ಟರು. ಪೀಣ್ಯದ ಕಡೆಯ ಚರಂಡಿ ನೀರು ವೃಷಭಾವತಿಯನ್ನು ಸೇರಿ, ಬೈರಮಂಗಲದ ಕೆರೆಯ ಕೆಳಗಿನ ಗದ್ದೆಗಳನ್ನು ಹಾದು, ಅರ್ಕಾವತಿಯ ಮೂಲಕ ಕಾವೇರಿಗೆ ಇಳಿಯುತ್ತದೆ. ವೈಟ್‌ಫೀಲ್ಡಿನ ಬಳಿಯ ವರ್ತೂರು ಕೆರೆಯ ನೊರೆಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ಅದರ ನೀರು ಹರಿಯುವುದು ದಕ್ಷಿಣ ಪಿನಾಕಿನಿಗೆ. ನೊರೆಗೆ ಕಾರಣ ಬೇರೆ, ಮುಖ್ಯವಾಗಿ ಮನೆಗಳ ಕೊಳಚೆ. ಕಾರಿನ ದ್ರವದ ಪಾಲು ಅದರ ಮುಂದೆ ಅಲ್ಪ ಎಂಬುದನ್ನು ಒಪ್ಪಬೇಕು. ಆದರೆ ಗ್ಯಾರೇಜಿನ ಹಿಂದಿನ ಮೋರಿಗೂ ಊರಿನ ಅಂಗಳದ ತೋಡಿಗೂ ಅದು ಅಲ್ಪವಲ್ಲ.

ಗ್ಲೈಕಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಒಡೆದುಹಾಕುತ್ತವೆ. ಹಳ್ಳದ ನೀರಿನಲ್ಲಾದರೆ ಹಾಗೆ ಒಡೆಯುವಾಗ ಅವು ನೀರಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ, ಮೀನು ಸಾಯುತ್ತದೆ. ಹಳೆಯ ರೇಡಿಯೇಟರಿನಿಂದ ಕರಗಿದ ಸೀಸವನ್ನು ಮಾತ್ರ ಯಾವ ಜೀವಿಯೂ ಒಡೆಯಲಾರದು. ಅದು ಮಣ್ಣಿನಲ್ಲೇ ಉಳಿಯುತ್ತದೆ.

ಇದಕ್ಕಿಂತ ತುರ್ತಿನ ಅಪಾಯ ಇನ್ನೊಂದಿದೆ. ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ, ಬೆಕ್ಕು, ಕೆಲವೊಮ್ಮೆ ಕರುಗಳೂ ನೆಕ್ಕುತ್ತವೆ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟರೆ ಮಕ್ಕಳೂ ಕುಡಿಯಬಹುದು. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಸುಣ್ಣದ ಅಂಶದೊಡನೆ ಕೂಡಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಕೆಸುವಿನ ಎಲೆಯಲ್ಲಿ ನಾಲಿಗೆ ತುರಿಸುವ ಸೂಜಿಗಳು ಇದೇ ಹರಳುಗಳು. ಪತ್ರೊಡೆಗೆ ಹುಣಸೆ ಹಾಕುವ ಉಪಾಯ ಮೂತ್ರಪಿಂಡಕ್ಕೆ ಇಲ್ಲ. ಬೆಕ್ಕಿಗೆ ಒಂದು ಟೀ ಚಮಚದಷ್ಟು ಮಂದ ದ್ರವವೇ ಮಾರಕ. ಇದಕ್ಕೆ ಬದಲಾಗಿ ಪ್ರೊಪಿಲೀನ್ ಗ್ಲೈಕಾಲಿನಿಂದ ಮಾಡಿದ, ವಿಷ ಬಹಳ ಕಡಿಮೆಯಿರುವ ದ್ರವವೂ ಉಂಟು, ಬೆಲೆ ಹೆಚ್ಚು. ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲುವ ಮನೆಗಳಿಗೆ, ಕಾರಿನ ಪುಸ್ತಕ ಒಪ್ಪುವುದಾದರೆ, ಆ ಹೆಚ್ಚಿನ ಬೆಲೆ ದಂಡವಲ್ಲ.

ಬಸಿದ ದ್ರವವನ್ನು ಬಿಗಿ ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಮೇಲೆ ‘ವಿಷ’ ಎಂದು ಬರೆದು, ಬಳಸಿದ ಎಣ್ಣೆಯೊಡನೆ ಬೆರೆಸದೆ, ತ್ಯಾಜ್ಯವನ್ನು ಸಂಗ್ರಹಿಸುವ ದೊಡ್ಡ ಸೇವಾ ಕೇಂದ್ರಕ್ಕೆ ಒಪ್ಪಿಸಬೇಕು. ಬೆಂಗಳೂರಿನ ಬಳಿ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕವೇ ಇದೆ. ಮಲೆನಾಡಿನ ಪೇಟೆಗಳಲ್ಲಿ ಇಂತಹ ಸಂಗ್ರಹ ವಿರಳ. ಆದ್ದರಿಂದ ಕಾರು ಬೆಂಗಳೂರಿನಲ್ಲಿರುವಾಗಲೇ ದ್ರವ ಬದಲಿಸಿಕೊಂಡು, ಹಳೆಯದನ್ನು ಅಲ್ಲಿಯೇ ಒಪ್ಪಿಸಿ ಊರಿಗೆ ಬರುವುದು ಸದ್ಯದ ಸುಲಭ ದಾರಿ.

ಪ್ರಾಣಿಯೋ ಮಗುವೋ ಈ ದ್ರವವನ್ನು ಕುಡಿದದ್ದು ಕಂಡರೆ ಲಕ್ಷಣಕ್ಕಾಗಿ ಕಾಯಬಾರದು. ಮೊದಲು ಅಮಲೇರಿದಂತೆ ತೂರಾಡಿ, ಆಮೇಲೆ ಸುಧಾರಿಸಿದಂತೆ ಕಾಣುವುದುಂಟು; ಮೂತ್ರ ನಿಲ್ಲುವುದು ಒಂದೆರಡು ದಿನ ಕಳೆದ ಮೇಲೆ. ಪ್ರತಿವಿಷ ಇದೆ, ಆದರೆ ಅದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಆಸ್ಪತ್ರೆಗೆ ಹೋಗುವಾಗ ದ್ರವದ ಡಬ್ಬಿಯನ್ನೂ ಕೊಂಡೊಯ್ಯಬೇಕು. ಕುಡಿದದ್ದು ಯಾವ ಗ್ಲೈಕಾಲ್ ಎಂಬುದನ್ನು ವೈದ್ಯರಿಗೆ ಆ ಚೀಟಿ ಹೇಳುತ್ತದೆ.